ತಿಪ್ಪೆ ಮೇಲಿನ ಕುಂಬಳ ಯಾರ ಕುಲದ್ದು?

ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಲ ತಿಪ್ಪೆ ಮೇಲೆ ಕುಂಬಳ ಬಳ್ಳಿಯೊಂದು ತಾನಾಗಿ ಹುಟ್ಟಿತು. ಯಾರೂ ಬೀಜ ಹಾಕಿರಲಿಲ್ಲ. ದಸರಾ ಹೊತ್ತಿಗೆ ಐದು ಕಾಯಿ ಬಿಟ್ಟಿತು. ನಮ್ಮ ಅವ್ವ ವರ್ಷಾ ಹಾಕುವ ಕುಂಬಳ ಚಪ್ಪಟೆ, ಮೈತುಂಬ ಏಣು. ಇದು ಹಾಗಿರಲಿಲ್ಲ. ಮೇಲೆ ಸಣ್ಣ ಕತ್ತು, ಕೆಳಗೆ ದಪ್ಪ, ಮೈಮೇಲೆ ಬಿಳಿ ಮಚ್ಚೆ. ನಾವು ನಕ್ಕು, ಗಾರಿಗಿ ಮಾಡಿಕೊಂಡು ತಿಂದೆವು.

ಆದರೆ ನಮ್ಮ ಓಣಿಯ ಅತ್ತಿಗೆ ನಗು ಬರಲಿಲ್ಲ. ಅದೇ ವರ್ಷ ಅವ್ವ ಕೊಟ್ಟಿದ್ದ ಬೀಜವನ್ನು ಅವರು ಹೊಲದ ಬದುವಿಗೆ ಎಂಟು ಗುಣಿ ಹಾಕಿದ್ದರು. ಒಂದೊಂದು ಬಳ್ಳಿಯಲ್ಲಿ ಒಂದೊಂದು ನಮೂನೆ ಕಾಯಿ. ಸಂತೆಯ ವ್ಯಾಪಾರಿ "ಇವೆಲ್ಲಾ ಮಿಕ್ಸ್ ಮಾಲು" ಎಂದು ಅರ್ಧ ರೇಟು ಕೇಳಿದ. ಅತ್ತಿ ನೇರವಾಗಿ ನಮ್ಮ ಕಟ್ಟೆಗೆ ಬಂದು, "ಕುಲಗೆಟ್ಟ ಬೀಜ ಕೊಟ್ಟೀಯಲ್ಲವಾ" ಎಂದು ಅಂದು ಹೋದರು. ಮೂರು ತಿಂಗಳು ಮಾತಿಲ್ಲ.

ಇಂಥ ಜಗಳ ನಮ್ಮೂರಿನದೊಂದೇ ಅಲ್ಲ. ಸುದ್ದಿಗೆಂದು ಹಳ್ಳಿಹಳ್ಳಿ ತಿರುಗುವ ನಮಗೆ ಇದೇ ದೂರು ಬೇರೆ ಬೇರೆ ಬಾಯಲ್ಲಿ ಸಿಗುತ್ತದೆ. ಕೆಲವರು ಮಣ್ಣು ಕೆಟ್ಟಿದೆ ಅನ್ನುತ್ತಾರೆ. ಕೆಲವರು ಪಕ್ಕದಲ್ಲಿ ಸೋರೆ ಹಾಕಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ. ಎರಡೂ ಅಲ್ಲ. ಸೋರೆಗೂ ಕುಂಬಳಕ್ಕೂ ಸಂಕರ ಆಗುವುದಿಲ್ಲ. ಆದರೆ ಕುಂಬಳಕ್ಕೂ ಕುಂಬಳಕ್ಕೂ ಸಲೀಸಾಗಿ ಆಗುತ್ತದೆ.

ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂ ಉದ್ದ ತೊಟ್ಟಿನದು. ಹೆಣ್ಣು ಹೂವಿನ ಬುಡದಲ್ಲೇ ಪುಟ್ಟ ಕಾಯಿ ಇರುತ್ತದೆ. ಬೆಳಿಗ್ಗೆ ಹೂ ಅರಳಿದಾಗ ಜೇನು ಒಂದರಿಂದ ಇನ್ನೊಂದಕ್ಕೆ ಪರಾಗ ಒಯ್ಯುತ್ತದೆ. ಅದಕ್ಕೆ ನಿಮ್ಮ ಬೇಲಿ, ನಮ್ಮ ಬೇಲಿ ಎಂಬ ಲೆಕ್ಕವಿಲ್ಲ. ಒಂದು ಕಿಲೋಮೀಟರ್ ದಾಟಿಯೂ ಹೋಗುತ್ತದೆ.

ಹಾಗೆ ಬೇರೆ ಪರಾಗ ಬಿದ್ದರೂ ಆ ವರ್ಷದ ಕಾಯಿ ಬದಲಾಗುವುದಿಲ್ಲ. ಬದಲಾಗುವುದು ಒಳಗಿನ ಬೀಜ. ಅದನ್ನು ಮುಂದಿನ ವರ್ಷ ಹಾಕಿದಾಗಲೇ ಗುಟ್ಟು ರಟ್ಟಾಗುತ್ತದೆ. ಹಿಂದಿನ ವರ್ಷ ಅಂಗಡಿಯ ಹೈಬ್ರಿಡ್ ಕುಂಬಳ ಹಾಕಿದ್ದವರು ಯಾರು ಗೊತ್ತೇ? ಅದೇ ಅತ್ತಿ, ತಮ್ಮ ಬೇಲಿಗೆ. ಅವರ ಬೇಲಿಯ ಪರಾಗ ನಮ್ಮ ಹಿತ್ತಲಿಗೆ ಬಂದು, ಬೀಜವಾಗಿ ಅವರ ಹೊಲಕ್ಕೇ ವಾಪಸ್ ಹೋಗಿತ್ತು.

ಹೈಬ್ರಿಡ್ ಹಣ್ಣಿನ ಬೀಜವನ್ನೇ ಎತ್ತಿಟ್ಟು ಹಾಕಿದರೂ ಇದೇ ಕಥೆ. ಪ್ಯಾಕೆಟ್ ಬೀಜ ಮೊದಲ ಸಲ ಒಂದೇ ಸಮ ಬರುತ್ತದೆ. ಎರಡನೇ ಸಲ ಮೂಲದ ಎರಡು ತಳಿಗಳ ಗುಣ ಚದುರಿ, ಬಳ್ಳಿಗೊಂದು ಬಗೆಯ ಕಾಯಿ ಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ತಾನಾಗಿ ಹುಟ್ಟಿದ ಬಳ್ಳಿಯ ಕುಂಬಳ, ಸೋರೆ, ಸೌತೆ ಯಾವುದೇ ಇರಲಿ, ಅಡುಗೆಗೆ ಮೊದಲು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಕಾಯಿ ಎಸೆಯಿರಿ. ದನಕ್ಕೂ ಹಾಕಬೇಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. 2015ರಲ್ಲಿ ಜರ್ಮನಿಯ ಹೈಡನ್‌ಹೈಮ್‌ನಲ್ಲಿ ಮನೆ ತೋಟದಲ್ಲಿ ಬೆಳೆದ ಕಹಿ ಜುಕಿನಿ ತಿಂದು ಹಿರಿಯರೊಬ್ಬರು ತೀರಿಕೊಂಡರು. ಜುಕಿನಿ ಕುಂಬಳದ ಬಳಗದ್ದೇ. ಕಹಿ ಸೋರೆಕಾಯಿ ರಸ ಕುಡಿಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ಹೇಳಿದ್ದಾರೆ.

ಹಾಗಾದರೆ ಮನೆ ಬೀಜದ ಸಹವಾಸವೇ ಬೇಡವೇ? ನಮ್ಮ ಉತ್ತರ: ಬೇಕು, ಆದರೆ ಕಣ್ಣಿಟ್ಟು.

ಹಿಂದೆ ಕುಂಬಳದ ಬೀಜವನ್ನು ಸಗಣಿಗೆ ಒತ್ತಿ ಗೋಡೆಗೆ ಬಡಿದಿಡುತ್ತಿದ್ದರು. ಆಗ ಊರಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಕುಂಬಳ ಇರುತ್ತಿತ್ತು. ಜೇನು ಎಲ್ಲಿಗೆ ಹೋದರೂ ಚಿಂತೆ ಇರಲಿಲ್ಲ. ಈಗ ಓಣಿಗೆ ಮೂರು ಬಗೆ. ಬೀಜ ಒಣಗಿಸಿಟ್ಟರೆ ಸಾಲದು, ಹೂವನ್ನೂ ಕಾಯಬೇಕು.

ಕೆಲಸ ದೊಡ್ಡದಲ್ಲ. ನಾಳೆ ಅರಳುವ ಮೊಗ್ಗಿನ ತುದಿ ಹಿಂದಿನ ಸಂಜೆಯೇ ಹಳದಿಗೆ ತಿರುಗಿರುತ್ತದೆ. ಹೆಣ್ಣು ಮೊಗ್ಗು, ಗಂಡು ಮೊಗ್ಗು ಎರಡರ ತುದಿಗೂ ದಾರ ಕಟ್ಟಿ. ಬೆಳಿಗ್ಗೆ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನೊಳಗೆ ಸವರಿ ಮತ್ತೆ ದಾರ ಕಟ್ಟಿ. ಆ ಕಾಯಿಯ ತೊಟ್ಟಿಗೆ ಗುರುತಿನ ಬಟ್ಟೆ ಇರಲಿ. ಪೂರ್ತಿ ಬಲಿತ ಮೇಲೆ ಕೊಯ್ದು, ಕೆಲವು ವಾರ ಇಟ್ಟು ಬೀಜ ತೆಗೆಯಿರಿ. ಹೈಬ್ರಿಡ್ ಅಲ್ಲದ ತಳಿಗೆ ಮಾತ್ರ ಇದು ಫಲ ಕೊಡುತ್ತದೆ. ನಾಟಿ ಬೀಜ ಸಿಗದವರಿಗೆ ಹೆಸರಘಟ್ಟದ ಸಂಸ್ಥೆಯ ಅರ್ಕಾ ಚಂದನ್ ಇದೆ. ಅದು ಹೈಬ್ರಿಡ್ ಅಲ್ಲ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಂ ಬೀಜ ಇಡುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಆದರೆ ಯಾವ ಬೀಜ ಇಡಬಹುದು, ಯಾವುದನ್ನು ಇಟ್ಟರೆ ಮೋಸ ಎಂದು ತಿಳಿಸದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ನಾವು ನೋಡಿದ ಪ್ಯಾಕೆಟ್‌ಗಳ ಮೇಲೆ ಎಫ್-1 ಎಂದು ಇಂಗ್ಲಿಷಿನಲ್ಲಿ ಸಣ್ಣಗೆ ಬರೆದಿರುತ್ತದೆ. "ಇದು ಹೈಬ್ರಿಡ್, ಇದರ ಬೀಜ ಎತ್ತಿಡಬೇಡಿ" ಎಂದು ಕನ್ನಡದಲ್ಲಿ ದಪ್ಪಗೆ ಬರೆಯಲು ಎಷ್ಟು ಖರ್ಚು? ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಹೂ ಕಟ್ಟುವುದನ್ನು ಹೆಣ್ಣುಮಕ್ಕಳಿಗೆ ಒಂದು ಬೆಳಿಗ್ಗೆ ತೋರಿಸಿಕೊಡಲು ಎಷ್ಟು ಹೊತ್ತು? ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಪ್ರಶ್ನೆ ಕೇಳಿ. ನಾವೂ ಕೇಳುತ್ತೇವೆ.

ಅವ್ವ ಹಳೆಯ ಡಬ್ಬಿಯ ತಳದಲ್ಲಿದ್ದ ಮೂರು ವರ್ಷದ ಹಿಂದಿನ ಬೀಜ ಹುಡುಕಿ ಈ ಸಲ ಹಾಕಿದ್ದಾಳೆ. ಆರು ಹೂವಿಗೆ ದಾರ ಕಟ್ಟಿದ್ದಾಳೆ. ನಾಲ್ಕು ಕಾಯಿ ನಿಂತಿವೆ. ಅತ್ತಿಯ ಜೊತೆ ಮಾತು ಶುರುವಾಗಿದೆ. ಮೊನ್ನೆ ಸಂಜೆ ಬಂದು, ದಾರ ಹೇಗೆ ಕಟ್ಟೋದು ಎಂದು ಕೇಳಿ ನೋಡಿಕೊಂಡು ಹೋದರು.