ಐನೂರೈವತ್ತು ಕಿಲೋಮೀಟರ್ ಕನ್ನಡನಾಡು, ಗಾಜು ಏರಿಸಿ ಕೂತ ಕನ್ನಡಿಗ!

ಬಾಗಲಗುಂಟೆಯ ತರುಣರೇ, ದಾಸರಹಳ್ಳಿ, ಯಶವಂತಪುರ, ಹೆಬ್ಬಾಳ, ಯಲಹಂಕದ ಕನ್ನಡದ ಹುಡುಗ ಹುಡುಗಿಯರೇ,

ರಜೆ ಹತ್ತಿರ ಬಂದರೆ ನಿಮ್ಮ ಬೀದಿಯಲ್ಲಿ ಏನು ನಡೆಯುತ್ತದೆಂದು ನಿಮಗೇ ಗೊತ್ತು. ಏಳು ಸೀಟಿನ ಗಾಡಿಯೊಂದು ಬುಕ್ ಆಗುತ್ತದೆ. ಅಪ್ಪ ರಜೆ ಹಾಕುತ್ತಾರೆ, ಅಮ್ಮ ಚಕ್ಕುಲಿ ಕರಿಯುತ್ತಾರೆ, ಅಜ್ಜಿಯ ಮಾತ್ರೆಗಳು ಡಬ್ಬಿ ಸೇರುತ್ತವೆ. ಎಲ್ಲಿಗಪ್ಪಾ ಸವಾರಿ ಎಂದರೆ ಮಹಾರಾಷ್ಟ್ರದ ಖೋಪೋಲಿಗೆ! ಅಲ್ಲಿ 2013ರಲ್ಲಿ ಶುರುವಾದ ಇಮ್ಯಾಜಿಕಾ ಎಂಬ ದೊಡ್ಡ ಥೀಮ್ ಪಾರ್ಕ್ ಇದೆ. ಮಕ್ಕಳು ಮೊಬೈಲಿನಲ್ಲಿ ನೋಡಿ ಹಟ ಹಿಡಿದಿದ್ದಾರೆ. ಹೋಗಲಿ ಬಿಡಿ. ಮಕ್ಕಳ ಸಂತೋಷಕ್ಕೆ ಅಡ್ಡ ಬರುವಷ್ಟು ಕಲ್ಲುಮನಸ್ಸಿನವರು ನಾವಲ್ಲ.

ನಮ್ಮ ತಕರಾರಿರುವುದು ಪಾರ್ಕಿನ ಮೇಲಲ್ಲ, ನೀವು ಹಾಕುವ ಪ್ಲಾನಿನ ಮೇಲೆ. ಮೊಬೈಲು ತೆಗೆದು ಆ ಪ್ಲಾನನ್ನು ಮತ್ತೊಮ್ಮೆ ನೋಡಿ. ಹೊರಡುವ ಹೊತ್ತು ಬೆಳಗಿನ ಜಾವ ಮೂರು ಗಂಟೆ. ಡೀಸೆಲ್ ಎಲ್ಲಿ, ಊಟ ಎಲ್ಲಿ, ಟೋಲಿಗೆ ಎಷ್ಟು, ಪುಣೆ ಎಷ್ಟು ಹೊತ್ತಿಗೆ ದಾಟಬೇಕು, ಎಲ್ಲವೂ ಇದೆ. ಹೆಸರಘಟ್ಟ ರಸ್ತೆಯಿಂದ ಎಂಟನೇ ಮೈಲಿಗೆ ಬಂದು ತುಮಕೂರು ರಸ್ತೆ ಹತ್ತಿದಿರೆಂದರೆ ಖೋಪೋಲಿಗೆ ಸುಮಾರು 900 ಕಿ.ಮೀ. ಅದರಲ್ಲಿ ನಿಪ್ಪಾಣಿಯ ಆಚೆ ಕೊಗನೊಳ್ಳಿಯ ಗಡಿ ಬರುವವರೆಗೆ 550 ಕಿ.ಮೀ.ಗೂ ಹೆಚ್ಚು ನಮ್ಮದೇ ನೆಲ. ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು ಕನ್ನಡನಾಡು! ಆ ಎರಡು ಪಾಲಿಗೆ ನಿಮ್ಮ ಪ್ಲಾನಿನಲ್ಲಿ ಕೊಟ್ಟ ಜಾಗ ಎಷ್ಟು? ಒಂದು ಕಾಫಿ, ಒಂದು ಊಟ, ಎರಡು ಸಲ ಮೂತ್ರವಿಸರ್ಜನೆ. ಅಷ್ಟೇ!

ನಾಚಿಕೆಯಾಗಬೇಡವೇ?

ಹರಿಹರದ ಹೊಳೆ ದಾಟುವ ಒಂದು ನಿಮಿಷ

ಈ ರಸ್ತೆ ಯಾವುದೆಂದು ತಿಳಿದುಕೊಳ್ಳಿ. ಹಳೆಯ ಹೆಸರು ರಾಷ್ಟ್ರೀಯ ಹೆದ್ದಾರಿ 4, ಈಗ 48. ನಿಮ್ಮ ಮನೆಯ ಹತ್ತಿರ ಹಾದುಹೋಗುವ ಈ ಟಾರು ರಸ್ತೆ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಅಖಂಡ ಕರ್ನಾಟಕ ಎಂದು ವೇದಿಕೆಯ ಮೇಲೆ ಕೂಗುತ್ತೇವಲ್ಲ, ಅದರ ಬೆನ್ನುಮೂಳೆ ಇದು.

ದಾವಣಗೆರೆ ದಾಟಿದ ಮೇಲೆ ಹರಿಹರದ ಹತ್ತಿರ ತುಂಗಭದ್ರೆಯ ಮೇಲೊಂದು ಸೇತುವೆ ಬರುತ್ತದೆ. ನಿಮ್ಮ ಗಾಡಿ ಅದನ್ನು ಒಂದು ನಿಮಿಷದಲ್ಲಿ ದಾಟುತ್ತದೆ. ಹಿಂದಿನ ಸೀಟಿನಲ್ಲಿ ಮಗು ಮೊಬೈಲಿನಲ್ಲಿ ಮುಳುಗಿರುತ್ತದೆ. ಆ ಮಗುವಿಗೆ ಯಾರಾದರೂ ಹೇಳಿದ್ದೀರಾ, 1956ರ ನವೆಂಬರ್ 1ಕ್ಕೆ ಮುಂಚೆ ಈ ಹೊಳೆಯೇ ರಾಜ್ಯದ ಗಡಿಯಾಗಿತ್ತು ಎಂದು? ಈ ದಡದ ಹರಿಹರ ಮೈಸೂರಿನದು, ಆ ದಡದ ರಾಣೆಬೆನ್ನೂರು ಮುಂಬಯಿಯದು! ಎರಡೂ ದಡದಲ್ಲಿ ಅದೇ ಕನ್ನಡ, ಅದೇ ರೊಟ್ಟಿ, ಅದೇ ದೇವರು, ಆದರೆ ಸರ್ಕಾರ ಬೇರೆ, ಕಚೇರಿಯ ಭಾಷೆ ಬೇರೆ. ಆ ಗಡಿ ತಾನಾಗಿ ಅಳಿಸಿಹೋಗಲಿಲ್ಲ. 1953ರಲ್ಲಿ ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಅನ್ನ ಬಿಟ್ಟು ಕೂತರು. ಹುಬ್ಬಳ್ಳಿ ಹೊತ್ತಿ ಉರಿಯಿತು. ಹಾಗೆ ಪಡೆದ ನಾಡನ್ನು ನೀವು ಗಂಟೆಗೆ ನೂರು ಕಿ.ಮೀ. ವೇಗದಲ್ಲಿ, ಏಸಿ ಹಾಕಿಕೊಂಡು, ಗಾಜು ಏರಿಸಿಕೊಂಡು, ಯಾವುದೋ ಹಿಂದಿ ಹಾಡು ಕೇಳುತ್ತಾ ದಾಟಿಬಿಡುತ್ತೀರಿ!

ಇನ್ನೂ ಒಂದು ಮಾತು. ಬಾಗಲಗುಂಟೆಯ ನಿಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದು ಪೀಣ್ಯದ ಫ್ಯಾಕ್ಟರಿಗೆ ಹೋಗಿಬರುವ ಹುಡುಗ ಎಲ್ಲಿಯವನೆಂದು ಕೇಳಿ ನೋಡಿ. ಶಿರಾದವನಿರಬಹುದು, ಬ್ಯಾಡಗಿಯವನಿರಬಹುದು, ಕಿತ್ತೂರಿನವನಿರಬಹುದು. ಅವನ ಮಾತು ಕೇಳಿ ‘ಅದೇನು ಹುಬ್ಬಳ್ಳಿ ಭಾಷೆಯೋ’ ಎಂದು ನಗುವ ನೀವು, ಅವನ ಊರಿನ ಪಕ್ಕದಲ್ಲೇ ಹಾದುಹೋದರೂ ಆ ಊರು ಹೇಗಿದೆಯೆಂದು ನೋಡಿದವರಲ್ಲ. ಪಕ್ಕದ ಮನೆಯ ಕನ್ನಡಿಗನ ಊರು ಬೇಡ, ಖೋಪೋಲಿ ಬೇಕು!

ಥೀಮ್ ಪಾರ್ಕ್ ನಮ್ಮ ದಾರಿಯಲ್ಲೇ ಇದೆಯಲ್ಲ ಸ್ವಾಮಿ!

ಇದನ್ನು ಓದಿ ಯಾರೋ ಒಬ್ಬ ಬುದ್ಧಿವಂತ ಹೇಳುತ್ತಾನೆ: ‘ಸಾರ್, ಮಕ್ಕಳಿಗೆ ಇತಿಹಾಸ ಬೇಡ, ಮಜಾ ಬೇಕು.’ ಸರಿ, ಮಜಾವೇ ಕೊಡೋಣ.

ಬೆಳಿಗ್ಗೆ ಹೊರಟು ತುಮಕೂರಿಗೆ ಮುಂಚೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಪಕ್ಕದಲ್ಲೇ ಸಿದ್ಧಗಂಗಾ ಮಠ. ಸಾವಿರಾರು ಬಡ ಮಕ್ಕಳು ಅನ್ನ ಅಕ್ಷರ ಎರಡನ್ನೂ ಪುಕ್ಕಟೆ ಪಡೆಯುವ ಆ ಜಾಗವನ್ನು ನಿಮ್ಮ ಮಗ ಒಮ್ಮೆ ನೋಡಲಿ. ಹಿರಿಯೂರಿನಿಂದ ಸ್ವಲ್ಪ ಒಳಗೆ ಹೋದರೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದಿದ್ದ ಈ ಕಣಿವೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ, 89 ವರ್ಷದ ಮೇಲೆ! ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಮಕ್ಕಳು ಹತ್ತಿ ಇಳಿಯಲಿ, ಒಬವ್ವನ ಕಿಂಡಿಯಲ್ಲಿ ನುಸುಳಲಿ. 1779ರಲ್ಲಿ ಹೈದರಾಲಿಯ ಕೈಸೇರುವವರೆಗೂ ನಾಯಕರು ಕಾದ ಕೋಟೆ ಅದು. ಯಾವ ರೋಲರ್ ಕೋಸ್ಟರ್ ಕೊಡುತ್ತದೆ ಆ ರೋಮಾಂಚನವನ್ನು? ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಿಸಿ, ಅಳುವ ಮಗುವೂ ಸುಮ್ಮನಾಗುತ್ತದೆ.

ಆಮೇಲೆ ಹಾವೇರಿ ದಾಟಿ, ಹುಬ್ಬಳ್ಳಿ ಸಿಗುವುದಕ್ಕೆ ಮುಂಚೆ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಬರುತ್ತದೆ. ಹೆದ್ದಾರಿಯ ಪಕ್ಕದಲ್ಲೇ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ತೋಟ. ಉತ್ತರ ಕರ್ನಾಟಕದ ಹಳ್ಳಿಯ ಬದುಕೆಲ್ಲ ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಉಳುವವರು, ಬೀಸುವವರು, ದನ ಕಾಯುವವರು, ಹರಟೆ ಹೊಡೆಯುವವರು, ಹತ್ತಿರ ಹೋಗುವ ತನಕ ಜೀವಂತ ಜನವೇ ಎನ್ನಿಸುತ್ತದೆ. ಡಾ. ರಾಜ್‌ಕುಮಾರ್ ಅವರ ಪಾತ್ರಗಳೂ ಶಿಲ್ಪವಾಗಿ ನಿಂತಿವೆ. ಮಗು ಗುರುತು ಹಿಡಿಯದಿದ್ದರೆ ಅಜ್ಜಿ ಹೇಳಿಕೊಡುತ್ತಾರೆ. ಇಡೀ ಪ್ರವಾಸದಲ್ಲಿ ಅಜ್ಜಿ ಮುಂದೆ, ಮೊಮ್ಮಗ ಹಿಂದೆ ನಡೆಯುವ ಜಾಗ ಅದೊಂದೇ ಆಗಬಹುದು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ಅದೇ ತಾಲ್ಲೂಕಿನಲ್ಲಿ ಕನಕದಾಸರು ಹುಟ್ಟಿದ ಬಾಡ, ಶರೀಫಜ್ಜನ ಶಿಶುವಿನಹಾಳ. ಇದು ನಮ್ಮ ಥೀಮ್ ಪಾರ್ಕ್ ಅಲ್ಲವೇ? ಇದರ ಥೀಮು ನಾವೇ ಅಲ್ಲವೇ?

2020ರಲ್ಲಿ ಸೊಲಬಕ್ಕನವರ ತೀರಿಕೊಂಡರು. ಅವರ ಹೆಸರು ಬೆಂಗಳೂರಿನ ಎಷ್ಟು ಕಾಲೇಜು ಹುಡುಗರಿಗೆ ಗೊತ್ತು? ಅಮೆರಿಕದ ಡಿಸ್ನಿಯ ಹೆಸರು ಹೇಳಿ ಎಂದರೆ ಮೂರು ವರ್ಷದ ಮಗುವೂ ಹೇಳುತ್ತದೆ!

ಇಷ್ಟು ದೂರ ಆಗದಿದ್ದರೆ ಮೈಸೂರು ರಸ್ತೆಗೆ ಹೋಗಿ. ಬಿಡದಿಯ ವಂಡರ್‌ಲಾಗೆ ಹೋಗಿ ಒದ್ದೆಯಾಗಿ ಬರುತ್ತೀರಲ್ಲ, ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ರಾಮನಗರದಲ್ಲಿ ಜಾನಪದ ಲೋಕವಿದೆ. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ್ದನ್ನೆಲ್ಲ ತಂದಿಟ್ಟು 1994ರಲ್ಲಿ ನಾಡಿಗೆ ಒಪ್ಪಿಸಿದ್ದು. ಬಿಡದಿಯಲ್ಲಿ ಕಳೆದ ದಿನದಲ್ಲಿ ಎರಡು ಗಂಟೆ ಉಳಿಸಿ ಅಲ್ಲಿಗೂ ಹೋದರೆ ನಿಮ್ಮ ಗಂಟೇನು ಹೋಗುತ್ತದೆ?

ಮರಾಠಿಗರಿಂದ ಕಲಿಯಿರಿ!

ಖೋಪೋಲಿಯಲ್ಲಿ ಕನ್ನಡ ಇಲ್ಲವೆಂದು ನಾವು ಅಳುತ್ತಿಲ್ಲ. ಅದು ಮಹಾರಾಷ್ಟ್ರದ ನೆಲ, ಅಲ್ಲಿ ಮರಾಠಿಗೆ ಮೊದಲ ಮಣೆ ಸಿಗಬೇಕಾದದ್ದೇ ನ್ಯಾಯ. ಅಂಗಡಿಗಳ ಮೇಲೆ ಮರಾಠಿ ಫಲಕ ಕಡ್ಡಾಯ ಎಂದು ಅವರ ಸರ್ಕಾರ ಕಾನೂನು ಮಾಡಿತು. ವ್ಯಾಪಾರಿಗಳು ಕೋರ್ಟಿಗೆ ಹೋದರು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಎರಡು ತಿಂಗಳಲ್ಲಿ ಫಲಕ ಹಾಕಿ ಎಂದು ಮುಂಬೈ ವ್ಯಾಪಾರಿಗಳಿಗೆ ಹೇಳಿತು. ಅವರು ಅವರ ನೆಲದಲ್ಲಿ ಅವರ ಭಾಷೆಗೆ ನಿಂತರು. ಅದಕ್ಕೆ ನಾವು ಅಸೂಯೆಪಡಬೇಕಾಗಿಲ್ಲ, ಕಲಿತರೆ ಸಾಕು.

ನಮ್ಮಲ್ಲೂ ಕಾನೂನಿದೆ. 2024ರ ತಿದ್ದುಪಡಿಯ ಪ್ರಕಾರ ಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರಬೇಕು. ಆದರೆ ಈ ಹೆದ್ದಾರಿಯ ಢಾಬಾಗಳಲ್ಲಿ, ಹೋಟೆಲುಗಳಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ? ಮಾಣಿ ಬಂದ ತಕ್ಷಣ ‘ಭಯ್ಯಾ, ಕ್ಯಾ ಹೈ’ ಎನ್ನುತ್ತೀರಿ. ಅವನು ಹಾನಗಲ್ಲಿನ ಹುಡುಗನಾಗಿರಬಹುದು! ನೀವು ಹಿಂದಿಯಲ್ಲಿ ಕೇಳಿದ್ದಕ್ಕೆ ಅವನೂ ಹಿಂದಿಯಲ್ಲಿ ಉತ್ತರಿಸಲು ಒದ್ದಾಡುತ್ತಾನೆ. ಇಬ್ಬರು ಕನ್ನಡಿಗರು ಕರ್ನಾಟಕದ ನಡುಮಧ್ಯೆ ಹರಕು ಹಿಂದಿಯಲ್ಲಿ ಮಾತಾಡುವ ಈ ದುರ್ಗತಿಗೆ ದಿಲ್ಲಿಯನ್ನು ಬೈದು ಏನು ಪ್ರಯೋಜನ? ಅದನ್ನು ಹೇರಿದವರು ನೀವೇ!

ಅಜ್ಜಿಯ ಜೀವ ಅಗ್ಗವೇ?

‘ಆಟಕ್ಕೆ ಭಾಷೆ ಯಾಕೆ’ ಎಂದು ಕೇಳುವವರಿಗೆ ಒಂದು ಉತ್ತರ. ಥೀಮ್ ಪಾರ್ಕಿನ ಪ್ರತಿ ಆಟದ ಮುಂದೆ ಒಂದು ಎಚ್ಚರಿಕೆಯ ಫಲಕ ಇರುತ್ತದೆ. ಎತ್ತರ ಇಷ್ಟಿರಬೇಕು, ಹೃದಯದ ಕಾಯಿಲೆ ಇದ್ದವರು, ರಕ್ತದೊತ್ತಡ ಇದ್ದವರು, ಗರ್ಭಿಣಿಯರು ಹತ್ತಬಾರದು, ಬೆಲ್ಟು ಹೀಗೆ ಬಿಗಿಯಬೇಕು ಎಂದು. ಅದು ಜೀವದ ಪ್ರಶ್ನೆ. ಕನ್ನಡವೊಂದನ್ನೇ ಬಲ್ಲ ನಿಮ್ಮ ಅಜ್ಜಿ, ನಾಲ್ಕನೇ ಕ್ಲಾಸಿನ ನಿಮ್ಮ ತಮ್ಮ ಅದನ್ನು ಓದಿ ತಿಳಿಯುವುದು ಹೇಗೆ? ಮಹಾರಾಷ್ಟ್ರದಲ್ಲಿ ನೀವು ಪಕ್ಕದಲ್ಲಿ ನಿಂತು ಓದಿ ಹೇಳಿ. ಆದರೆ ಕರ್ನಾಟಕದೊಳಗಿನ ಯಾವುದೇ ಪಾರ್ಕಿನಲ್ಲಿ, ಜಾತ್ರೆಯ ತೊಟ್ಟಿಲಿನಲ್ಲಿ, ಮಾಲಿನ ಆಟದ ಮನೆಯಲ್ಲಿ ಅದು ಕನ್ನಡದಲ್ಲಿ ಇರಲೇಬೇಕು. ಮೈಕಿನಲ್ಲಿ ಹೇಳುವುದೂ ಕನ್ನಡದಲ್ಲೇ ಮೊದಲು ಕೇಳಬೇಕು. ಟಿಕೆಟಿಗೆ ಸಾವಿರಗಟ್ಟಲೆ ತೆತ್ತವರು ಕೇಳುವ ಹಕ್ಕು ಇದು, ಯಾರ ಭಿಕ್ಷೆಯೂ ಅಲ್ಲ.

ಕೇಳಿದರೆ ಸಿಗುತ್ತದೆಯೇ ಎಂಬ ಅನುಮಾನವೇ? ನಿಮ್ಮ ನಾಗಸಂದ್ರದ ಮೆಟ್ರೋ ನಿಲ್ದಾಣಕ್ಕೆ ಹೋಗಿ ಫಲಕ ನೋಡಿ. ನಮ್ಮ ಮೆಟ್ರೋದ ಫಲಕಗಳಲ್ಲಿ ಹಿಂದಿ ಇತ್ತು. 2017ರಲ್ಲಿ ನಿಮ್ಮಂಥ ತರುಣರೇ ಬೇಡ ಎಂದರು, ಗಟ್ಟಿಯಾಗಿ ಎಂದರು. ಹಿಂದಿ ಇಳಿಯಿತು. ಬಸ್ಸು ಸುಟ್ಟು ಆಗಿದ್ದಲ್ಲ, ಒಟ್ಟಾಗಿ ಕೇಳಿದ್ದರಿಂದ ಆಗಿದ್ದು.

ಸರ್ಕಾರಕ್ಕೂ ಒಂದು ಪ್ರಶ್ನೆ

‘ಒಂದು ರಾಜ್ಯ, ಹಲವು ಜಗತ್ತು’ ಎಂಬ ಘೋಷಣೆಯನ್ನು ನಮ್ಮ ಪ್ರವಾಸೋದ್ಯಮ ಇಲಾಖೆ ಜಗತ್ತಿಗೆಲ್ಲ ಸಾರಿತು, ಅದೂ ಇಂಗ್ಲಿಷಿನಲ್ಲಿ. ಬಾಗಲಗುಂಟೆಯ ಒಂದು ಸಾಮಾನ್ಯ ಕುಟುಂಬ ಮಕ್ಕಳು ಮುದುಕರೊಡನೆ ಈ ಹೆದ್ದಾರಿಯಲ್ಲಿ ಮೂರು ದಿನ ಸುತ್ತಬೇಕೆಂದರೆ ಅದಕ್ಕೆ ಬೇಕಾದ್ದು ಏನು? ಚೊಕ್ಕಟವಾದ ಶೌಚಾಲಯ, ಕೈಗೆಟುಕುವ ಬಾಡಿಗೆಯ ಕೋಣೆ, ಕೋಟೆಯ ಬಾಗಿಲಲ್ಲಿ ಕನ್ನಡದಲ್ಲಿ ಕತೆ ಹೇಳುವ ಒಬ್ಬ ಗೈಡು. ಇದಕ್ಕೇನು ಕೋಟಿ ಕೋಟಿ ಸುರಿಯಬೇಕೇ? 2012ರಲ್ಲಿ ಬೆಳಗಾವಿಯ ಹೆದ್ದಾರಿಯ ಪಕ್ಕದಲ್ಲೇ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ವರ್ಷಕ್ಕೆ ಕೆಲವು ದಿನ ಅಧಿವೇಶನಕ್ಕೆಂದು ಅಲ್ಲಿಗೆ ಹೋಗುವ ಶಾಸಕರೇ, ಒಮ್ಮೆ ವಿಮಾನ ಬಿಟ್ಟು ಕುಟುಂಬ ಸಮೇತ ಇದೇ ರಸ್ತೆಯಲ್ಲಿ ಹೋಗಿ ನೋಡಿ. ಏನಿಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ.

ಈಗ ನಿಮ್ಮ ಸರದಿ

ತರುಣರೇ, ಮನೆಯಲ್ಲಿ ಈ ಪ್ಲಾನು ಹಾಕುವವರು ನೀವೇ. ಹೋಟೆಲು ಹುಡುಕುವುದು, ಟಿಕೆಟು ಮಾಡುವುದು, ನಕ್ಷೆ ನೋಡುವುದು ಎಲ್ಲ ನಿಮ್ಮ ಬೆರಳಲ್ಲೇ. ಹಾಗಿದ್ದ ಮೇಲೆ ಹೊಣೆಯೂ ನಿಮ್ಮದೇ.

ಒಂದೇ ಏಟಿಗೆ ಗಡಿ ದಾಟುವ ಹಟ ಬಿಡಿ. ಮೊದಲ ರಾತ್ರಿ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ತಂಗಿ. ಎರಡನೆಯ ದಿನ ಗೊಟಗೋಡಿ ನೋಡಿ, ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಎಣ್ಣೆಗಾಯಿ ಉಂಡು, ಧಾರವಾಡದ ಪೇಡೆ ಕಟ್ಟಿಸಿಕೊಳ್ಳಿ. 1890ರಿಂದ ಕನ್ನಡದ ಕೆಲಸ ಮಾಡುತ್ತ ಬಂದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಾಗಿಲಲ್ಲಿ ನಿಂತು ಮಕ್ಕಳಿಗೆ ತೋರಿಸಿ. ಮೂರನೆಯ ದಿನ ಕಿತ್ತೂರು. 1824ರಲ್ಲಿ ಚೆನ್ನಮ್ಮ ಕಂಪನಿ ಸರ್ಕಾರಕ್ಕೆ ತಲೆಬಾಗದೆ ನಿಂತ ಕೋಟೆ, ಹೆದ್ದಾರಿಯಿಂದ ಕೂಗಳತೆಯಲ್ಲಿದೆ. ಆಮೇಲೂ ಖೋಪೋಲಿ ಬೇಕೆನಿಸಿದರೆ ಧಾರಾಳವಾಗಿ ಹೋಗಿ ಬನ್ನಿ!

ಗೂಗಲ್ ನಕ್ಷೆ ಕನ್ನಡದಲ್ಲೇ ದಾರಿ ಹೇಳುತ್ತದೆ, ಇವತ್ತೇ ಬದಲಿಸಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಕರೆಮಾಡಿ, ಕನ್ನಡದಲ್ಲಿ ಮಾತಾಡಿ. ಹೋಟೆಲಿನಲ್ಲಿ ಮೊದಲ ಮಾತು ಕನ್ನಡದ್ದಾಗಿರಲಿ. ‘ಅಣ್ಣಾ, ಏನೈತಿ ಊಟಕ್ಕ’ ಎಂದು ಆ ಸೀಮೆಯ ಮಾತಿನಲ್ಲೇ ಒಮ್ಮೆ ಕೇಳಿ ನೋಡಿ, ಬಡಿಸುವ ಕೈ ಎಷ್ಟು ಉದಾರವಾಗುತ್ತದೆಂದು! ಮೆನು ಕನ್ನಡದಲ್ಲಿ ಇಲ್ಲದಿದ್ದರೆ ಮಾಲೀಕನನ್ನು ಕರೆದು ಗೌರವದಿಂದ ಕೇಳಿ. ದೂರಿನ ಪುಸ್ತಕ ಇದ್ದರೆ ಬರೆದು ಬನ್ನಿ. ಗದ್ದಲ ಬೇಡ, ಗಟ್ಟಿತನ ಬೇಕು. ಒಂದು ಗಾಡಿಯವರು ಕೇಳಿದರೆ ಅವನು ನಗುತ್ತಾನೆ. ರಜೆಯಲ್ಲಿ ಬೆಂಗಳೂರಿನಿಂದ ಹೊರಟ ಪ್ರತಿ ಗಾಡಿಯವರೂ ಕೇಳಿದರೆ ಮರುದಿನವೇ ಪ್ರೆಸ್ಸಿಗೆ ಓಡುತ್ತಾನೆ.

ಎಂಟನೇ ಮೈಲಿ ದಾಟುವಾಗ ಗಾಜು ಇಳಿಸಿ. ಹಿಂದಿನ ಸೀಟಿನ ಮಗುವಿನ ಕೈಯಿಂದ ಮೊಬೈಲು ತೆಗೆದು ಊರಿನ ಫಲಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಿ, ಕನ್ನಡದಲ್ಲೇ ಓದಿಸಿ. ಕೊಗನೊಳ್ಳಿ ಬರುವಷ್ಟರಲ್ಲಿ ಆ ಮಗುವಿಗೆ ತನ್ನ ನಾಡು ಎಷ್ಟು ದೊಡ್ಡದೆಂದು ಯಾರೂ ಪಾಠ ಮಾಡಬೇಕಾಗಿರುವುದಿಲ್ಲ.