ತಾತನ ಯೆಜ್ಡಿಯ ಕೆಮ್ಮು

ಮಕ್ಕಳೇ, ನಿಮ್ಮ ಮನೆಯಲ್ಲಿ ಎಂದಾದರೂ ಹೀಗಾಗಿದೆಯೇ? ರಾತ್ರಿಯೆಲ್ಲ ಹಲ್ಲುನೋವು ಎಂದು ನರಳಿದ ಅಜ್ಜಿ, ಬೆಳಿಗ್ಗೆ ಡಾಕ್ಟರ ಮುಂದೆ ಕೂತ ಕೂಡಲೇ ‘ಈಗೇನೂ ನೋವಿಲ್ಲ ಡಾಕ್ಟ್ರೇ’ ಎಂದುಬಿಡುತ್ತಾರೆ. ಯಂತ್ರಗಳಿಗೂ ಇಂಥ ಕಾಯಿಲೆ ಬರುತ್ತದೆ. ಪೂರ್ತಿ ಕೆಟ್ಟು ನಿಂತ ಯಂತ್ರವನ್ನು ರಿಪೇರಿ ಮಾಡುವುದು ಅಷ್ಟು ಕಷ್ಟವಲ್ಲ. ಒಮ್ಮೆ ಕೆಟ್ಟು, ಒಮ್ಮೆ ತಾನೇ ಸರಿಯಾಗುವ ಯಂತ್ರ ಮಾತ್ರ ಎಂಥ ಮೆಕ್ಯಾನಿಕ್ಕನ್ನೂ ಸುಸ್ತು ಮಾಡುತ್ತದೆ. ಈ ವಾರ ಅಂಥದೊಂದು ಗಾಡಿಯ ಕಥೆ.

ಗಾಡಿ ನಮ್ಮ ಮೈಸೂರಿನದೇ ಕೂಸು, ಯೆಜ್ಡಿ. ಹೆಸರು ಕೇಳುತ್ತಲೇ ನಿಮ್ಮ ತಾತಂದಿರ ಕಿವಿ ನೆಟ್ಟಗಾಗಿರಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ತಯಾರಾಗತೊಡಗಿದವು. ಜಾವಾ ಮೂಲದಲ್ಲಿ ಜೆಕೊಸ್ಲೊವಾಕಿಯಾ ದೇಶದ್ದು. 1929ರಲ್ಲಿ ಅದನ್ನು ಆರಂಭಿಸಿದ ಯಾನೆಚೆಕ್ ಎಂಬವರ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ‘ವಾಂಡರರ್’ ಎಂಬ ಜರ್ಮನ್ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಸೇರಿಸಿ ಆ ಹೆಸರಿಟ್ಟರು. ಎಪ್ಪತ್ತರ ದಶಕದಲ್ಲಿ ನಮ್ಮ ಕಾರ್ಖಾನೆಯ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 250 ಸಿಸಿಯ ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಸ್ಟಾರ್ಟ್ ಮಾಡುವ ಕಿಕ್ಕರನ್ನೇ ತಿರುಗಿಸಿದರೆ ಅದೇ ಗೇರ್ ಲಿವರ್! ಕಾರ್ಖಾನೆ 1996ರಲ್ಲಿ ಮುಚ್ಚಿತು. ಬೈಕುಗಳು ಮಾತ್ರ ಇನ್ನೂ ಓಡುತ್ತಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಅವುಗಳ ಒಡೆಯರೆಲ್ಲ ಗಾಡಿ ತೊಳೆದು, ಒರೆಸಿ ಮೆರವಣಿಗೆ ಹೊರಡುತ್ತಾರೆ.

ನಮ್ಮ ಬೀದಿಯ ಕೊನೆಯ ಮನೆಯ ತಾತ ಆ ಕಾರ್ಖಾನೆಯ ಸ್ಟೋರ್ಸಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರ ರೋಡ್‌ಕಿಂಗ್ 1985ರದ್ದು. ಕಳೆದ ದಸರಾ ಮುಗಿದ ಮೇಲೆ ಅದಕ್ಕೊಂದು ವಿಚಿತ್ರ ಕೆಮ್ಮು ಹತ್ತಿಕೊಂಡಿತು. ಮನೆಯಿಂದ ಹೊರಡುವಾಗ ಗಡಿಯಾರದಂತೆ ಓಡುವುದು. ಸ್ವಲ್ಪ ದೂರ ಹೋದ ಮೇಲೆ ಎಳೆತ ಕಡಿಮೆಯಾಗಿ, ನಾಲ್ಕು ಸಲ ಕೆಮ್ಮಿ ನಿಂತುಬಿಡುವುದು. ಮರದ ನೆರಳಿನಲ್ಲಿ ಅರ್ಧ ಗಂಟೆ ಕೂತು ಕಿಕ್ ಹೊಡೆದರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್.

ಮೆಕ್ಯಾನಿಕ್ ಮೊದಲು ಪ್ಲಗ್ ಬದಲಿಸಿದ. ಸರಿಹೋಯಿತು. ಎರಡು ದಿನ ಬಿಟ್ಟು ಮತ್ತೆ ಕೆಮ್ಮು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಸರಿಹೋಯಿತು. ಮತ್ತೆ ಕೆಮ್ಮು. ಕಂಡೆನ್ಸರ್ ಹೊಸದು ಹಾಕಿದ, ಆಗಲೂ ಅದೇ ಕಥೆ. ಒಂದು ದಿನ ಚಾಮುಂಡಿ ಬೆಟ್ಟದ ತಿರುವಿನಲ್ಲೇ ಗಾಡಿ ನಿಂತಿತು. ಹಿಂದೆ ಬಸ್ಸು ಬರುತ್ತಿತ್ತು. ಸುದ್ದಿ ತಿಳಿದ ಮಗ ಬೆಂಗಳೂರಿನಿಂದ ಫೋನ್ ಮಾಡಿ, ‘ಸಾಕಪ್ಪಾ, ಮಾರಿಬಿಡೋಣ. ಮುಂದಿನ ಭಾನುವಾರ ಒಬ್ಬರು ನೋಡೋಕೆ ಬರ್ತಾರೆ’ ಎಂದ. ತಾತ ಹೂಂ ಎಂದರು. ಅವತ್ತಿನಿಂದ ಅವರು ಗಾಡಿಯನ್ನು ಒರೆಸುವುದನ್ನೂ ಬಿಟ್ಟರಂತೆ. ಇದನ್ನು ನನಗೆ ಹೇಳಿದವನು ಅವರ ಮೊಮ್ಮಗ, ಎಂಟನೇ ತರಗತಿಯ ಹುಡುಗ. ‘ಮೇಷ್ಟ್ರೇ, ನೀವು ಫಿಸಿಕ್ಸ್ ಪಾಠ ಮಾಡ್ತಿದ್ರಲ್ಲ, ಬಂದು ನೋಡ್ತೀರಾ?’ ಎಂದ. ಹೋದೆ.

ಹೋದ ಮೇಲೆ ನಾನು ಸ್ಪ್ಯಾನರ್ ಕೇಳಲಿಲ್ಲ, ಒಂದು ನೋಟ್‌ಬುಕ್ ಕೇಳಿದೆ. ‘ಇನ್ನು ಯಾವ ಭಾಗವನ್ನೂ ಬದಲಿಸಬೇಡಿ. ನಾಲ್ಕು ದಿನ ಗಾಡಿ ಏನು ಮಾಡುತ್ತದೋ ಬರೆದಿಡಿ’ ಎಂದೆ. ತಾತನಿಗೆ ಹುರುಪು ಬಂತು. ಹಳೆಯ ಸ್ಟೋರ್ಸಿನ ಲೆಡ್ಜರಿನಂತೆ ಗೆರೆ ಎಳೆದು ಅಂಕಣ ಮಾಡಿಕೊಟ್ಟರು: ಎಲ್ಲಿಗೆ ಹೋದದ್ದು, ಎಷ್ಟು ಹೊತ್ತು, ಏರೋ ಸಮತಟ್ಟೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ನಿಂತದ್ದು ಹೇಗೆ. ಕೊನೆಯ ಅಂಕಣ ಮುಖ್ಯ. ಕಿಡಿ ತಪ್ಪಿದರೆ ಎಂಜಿನ್ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಥಟ್ಟನೆ ಸಾಯುತ್ತದೆ. ಪೆಟ್ರೋಲ್ ತಪ್ಪಿದರೆ ಎಣ್ಣೆ ತೀರಿದ ದೀಪದಂತೆ ಮಿಣಿಮಿಣಿ ಎಂದು ಆರುತ್ತದೆ.

ತಾತ ಓಡಿಸಿದರು. ಮೊಮ್ಮಗ ಹೆಲ್ಮೆಟ್ ಹಾಕಿ ಹಿಂದೆ ಕೂತು, ಗಾಡಿ ನಿಂತಾಗಲೆಲ್ಲ ಬರೆದ. ಬುಧವಾರದ ಹೊತ್ತಿಗೆ ಪುಸ್ತಕದಲ್ಲಿ ಇಷ್ಟಿತ್ತು.

ಭಾನುವಾರ: ದೇವರಾಜ ಮಾರುಕಟ್ಟೆಗೆ ಹೋಗಿ ಬಂದದ್ದು, ನಿಧಾನವಾಗಿ. ತೊಂದರೆಯಿಲ್ಲ. ಸೋಮವಾರ: ಅರ್ಧ ಟ್ಯಾಂಕ್ ಪೆಟ್ರೋಲ್, ಬೆಟ್ಟದ ಏರು. ಅರ್ಧ ದಾರಿಯಲ್ಲಿ ಮಿಣಿಮಿಣಿ ಎಂದು ನಿಂತಿತು. ಪ್ಲಗ್ ಬಿಚ್ಚಿದರೆ ಒಣಗಿತ್ತು. ಮಂಗಳವಾರ: ಮಟಮಟ ಮಧ್ಯಾಹ್ನ, ಊರೊಳಗೇ ನಿಧಾನವಾಗಿ ಮುಕ್ಕಾಲು ಗಂಟೆ. ಎಂಜಿನ್ ಮುಟ್ಟಲಾರದಷ್ಟು ಬಿಸಿ, ಆದರೂ ಕೆಮ್ಮಿಲ್ಲ. ಬುಧವಾರ: ಟ್ಯಾಂಕ್ ತುಂಬಿಸಿಕೊಂಡು ಬೆಟ್ಟಕ್ಕೆ. ಸೋಮವಾರಕ್ಕಿಂತ ಬೇಗ ನಿಂತಿತು!

ಮಕ್ಕಳೇ, ಇಲ್ಲಿ ಒಂದು ನಿಮಿಷ ಓದುವುದನ್ನು ನಿಲ್ಲಿಸಿ, ನೀವೇ ಯೋಚಿಸಿ. ಎಂಜಿನ್ನಿಗೆ ಬೇಕಾದದ್ದು ಮೂರು: ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ. ಕಂಡೆನ್ಸರ್, ಕಾಯಿಲ್ ಹಳತಾದರೆ ಬಿಸಿಯಾದಾಗ ಕೈಕೊಡುತ್ತವೆ, ತಣ್ಣಗಾದಾಗ ಸುಮ್ಮನಿರುತ್ತವೆ. ಮೆಕ್ಯಾನಿಕ್ ಅವುಗಳನ್ನು ಅನುಮಾನಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಮಂಗಳವಾರದ ಬಿಸಿಲು ಅವನ್ನು ಖುಲಾಸೆ ಮಾಡಿತು. ಒಣಗಿದ ಪ್ಲಗ್ ಹೇಳುತ್ತಿದೆ, ಪೆಟ್ರೋಲ್ ಬಂದೇ ಇಲ್ಲ ಎಂದು. ಬೆಟ್ಟ ಹತ್ತುವಾಗ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು, ಅಲ್ಲೇ ಕೊರತೆ. ಆದರೆ ಟ್ಯಾಂಕ್ ತುಂಬಿದ್ದಾಗ ಇನ್ನೂ ಬೇಗ ನಿಂತದ್ದು ಏಕೆ?

ನಾನು ಅಡುಗೆಮನೆಯತ್ತ ತಿರುಗಿ ಅಜ್ಜಿಯನ್ನು ಕೇಳಿದೆ: ‘ಅಮ್ಮಾ, ಎಣ್ಣೆ ಡಬ್ಬಿಗೆ ಎಷ್ಟು ತೂತು ಮಾಡ್ತೀರಿ?’

‘ಎರಡು. ಒಂದೇ ಮಾಡಿದ್ರೆ ಗುಳುಗುಳು ಅಂದು ನಿಂತುಬಿಡುತ್ತೆ. ಒಳಗೆ ಗಾಳಿ ಹೋಗ್ಬೇಕಲ್ಲಪ್ಪಾ.’

ಹುಡುಗನ ಕಣ್ಣು ಅರಳಿತು. ‘ತಾತಾ, ನಮ್ಮ ಟ್ಯಾಂಕಿಗೆ ಎರಡನೇ ತೂತು ಎಲ್ಲಿದೆ?’

ಎರಡನೇ ತೂತು ಟ್ಯಾಂಕಿನ ಮುಚ್ಚಳದಲ್ಲಿರುತ್ತದೆ, ಸೂಜಿಮೊನೆಯಷ್ಟು ಸಣ್ಣದು. ಪೆಟ್ರೋಲ್ ಕೆಳಗಿಳಿದಂತೆ ಅದರ ಜಾಗಕ್ಕೆ ಗಾಳಿ ಬರುವುದು ಅಲ್ಲಿಂದ. ಅದು ಮುಚ್ಚಿಕೊಂಡರೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿಯ ಒತ್ತಡ ಪೆಟ್ರೋಲನ್ನು ಕೆಳಗೆ ಬಿಡುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಇರುವ ಜಾಗವೇ ಕಡಿಮೆ. ಹಾಗಾಗಿ ಸ್ವಲ್ಪ ಪೆಟ್ರೋಲ್ ಇಳಿದರೂ ಒತ್ತಡ ಬೇಗ ಬೀಳುತ್ತದೆ. ಅರ್ಧ ಗಂಟೆ ಸುಮ್ಮನಿದ್ದರೆ ಸಂದಿಯಿಂದ ಗಾಳಿ ನಿಧಾನವಾಗಿ ನುಸುಳಿ ಎಲ್ಲ ಸರಿಯಾಗುತ್ತದೆ.

ಊಹೆ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವ ಹಾಗಿಲ್ಲ, ಪರೀಕ್ಷೆಯಾಗಬೇಕು. ಗುರುವಾರ ಮತ್ತೆ ಬೆಟ್ಟ. ಗಾಡಿ ಕೆಮ್ಮಿ ನಿಂತಿತು. ತಾತ ಅದನ್ನು ರಸ್ತೆಯ ಬದಿಗೆ ತಳ್ಳಿ, ಈ ಸಲ ನೆರಳಿಗೆ ಹೋಗದೆ, ಮೆಲ್ಲಗೆ ಮುಚ್ಚಳ ತಿರುಗಿಸಿದರು. ‘ಸುಸ್ಸ್’ ಎಂದು ಗಾಳಿ ಒಳಗೆ ಹೋಯಿತು. ಮುಚ್ಚಳ ಹಾಕಿ, ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯಲು ಒಂದು ನಿಮಿಷ ಬಿಟ್ಟು ಕಿಕ್ ಹೊಡೆದರೆ, ಸ್ಟಾರ್ಟ್!

ತೂತು ಮುಚ್ಚಿದ್ದು ಯಾವುದರಿಂದ ಗೊತ್ತೇ? ಆಯುಧಪೂಜೆಯ ಗಂಧ, ಅರಿಶಿನ, ಕುಂಕುಮದಿಂದ. ವರ್ಷವರ್ಷವೂ ಮುಚ್ಚಳದ ನೆತ್ತಿಗೇ ಬೊಟ್ಟಿಟ್ಟು, ಅದರ ಮೇಲೆ ಪಾಲಿಶ್ ಉಜ್ಜಿ, ಧೂಳು ಸೇರಿ ಗಟ್ಟಿಯಾಗಿತ್ತು. ಅಜ್ಜಿ ಕೊಟ್ಟ ಸೂಜಿಯಿಂದ, ಬೇರೆಯಾಗಿ ಬಿಚ್ಚಿಟ್ಟ ಮುಚ್ಚಳವನ್ನು ತಾತ ಶುಚಿಮಾಡಿದರು. ಶುಕ್ರವಾರ ಗಾಡಿ ಎಲ್ಲೂ ನಿಲ್ಲದೆ ಬೆಟ್ಟದ ತುದಿ ಮುಟ್ಟಿತು. ಶನಿವಾರ ತುಂಬಿದ ಟ್ಯಾಂಕಿನೊಂದಿಗೆ ಇನ್ನೊಮ್ಮೆ ಮುಟ್ಟಿತು. ಖರ್ಚು ಸೊನ್ನೆ.

ಹಾಗಾದರೆ ಪ್ಲಗ್ ಬದಲಿಸಿದಾಗ ಸರಿಹೋದದ್ದು ಏಕೆ? ಶೆಡ್ಡಿನಲ್ಲಿ ಪ್ರತಿ ಸಲವೂ ಪೆಟ್ರೋಲ್ ಇದೆಯೇ ಎಂದು ನೋಡಲು ಮುಚ್ಚಳ ತೆಗೆಯುತ್ತಿದ್ದರು. ವಾಸಿಮಾಡಿದ್ದು ಮುಚ್ಚಳ ತೆಗೆದ ಕೈ, ಹೆಸರು ಬಂದದ್ದು ಹೊಸ ಪ್ಲಗ್ಗಿಗೆ. ತಾತ ಮಾತ್ರ ಬೆಳಿಗ್ಗೆಯೇ ಪೆಟ್ರೋಲ್ ನೋಡಿಕೊಂಡು ಹೊರಡುವ ಶಿಸ್ತಿನವರು. ದಾರಿಯಲ್ಲಿ ಮುಚ್ಚಳ ಮುಟ್ಟುತ್ತಿರಲಿಲ್ಲ!

ಇದು ಹೀಗೇ ಮುಂದುವರಿದಿದ್ದರೆ ನಷ್ಟ ದೊಡ್ಡದಿತ್ತು. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಅದಕ್ಕೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಯಲ್ಲೇ. ಏರಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿಯೋ ಹೆಚ್ಚು; ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡುಬಿಡಬಹುದು. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲೂ ಟ್ಯಾಂಕಿನ ಗಾಳಿದಾರಿ ಕಟ್ಟಿಕೊಂಡರೆ ಇದೇ ರೀತಿ ಬಂದು ಹೋಗುವ ಕೆಮ್ಮು ಬರುತ್ತದೆ. ಮನೆಯಲ್ಲಿ ಹಳೆಯ ಗಾಡಿ ಇರುವ ಅಜ್ಜಂದಿರು ಮುಚ್ಚಳವನ್ನೊಮ್ಮೆ ನೋಡಿಬಿಡಿ. ಕುಂಕುಮವನ್ನು ಹೆಡ್‌ಲೈಟಿನ ಮೇಲೆ ಇಟ್ಟರೂ ದೇವಿ ಬೇಸರಿಸುವುದಿಲ್ಲ.

ಭಾನುವಾರ ಗಾಡಿ ನೋಡಲು ಬಂದವರಿಗೆ ಅಜ್ಜಿ ಕಾಫಿ ಕೊಟ್ಟು ಕಳಿಸಿದರು. ಮಗ ಫೋನಿನಲ್ಲಿ ನೋಟ್‌ಬುಕ್ಕಿನ ಫೋಟೋ ನೋಡಿ, ‘ಆಯ್ತು, ಇಟ್ಕೊಳ್ಳಿ. ಆದ್ರೆ ಹೆಲ್ಮೆಟ್ ಮಾತ್ರ ಮರೀಬೇಡಿ’ ಎಂದನಂತೆ.

ಈಗ ಮಕ್ಕಳಿಗೆ ಈ ವಾರದ ಕೆಲಸ. ಪೆಟ್ರೋಲಿನ ಹತ್ತಿರ ಹೋಗಬೇಡಿ, ಅದು ದೊಡ್ಡವರ ಕೆಲಸ. ನಮಗೆ ನೀರು ಸಾಕು. ಒಂದು ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಒಂದು ಸಣ್ಣ ತೂತು, ಮುಚ್ಚಳದಲ್ಲಿ ಇನ್ನೊಂದು ಸಣ್ಣ ತೂತು ಮಾಡಿಕೊಡಲು ಅಜ್ಜನನ್ನು ಕೇಳಿ. ನೀರು ತುಂಬಿ ಮುಚ್ಚಳ ಬಿಗಿಮಾಡಿ. ಮೇಲಿನ ತೂತಿಗೆ ಬೆರಳಿಟ್ಟರೆ ಏನಾಗುತ್ತದೆ, ಬೆರಳು ತೆಗೆದರೆ ಏನಾಗುತ್ತದೆ ನೋಡಿ. ಬಾಟಲಿ ಭರ್ತಿ ಇದ್ದಾಗ, ಅರ್ಧ ಖಾಲಿಯಾದಾಗ, ಬೆರಳಿಟ್ಟ ಮೇಲೆ ನೀರು ನಿಲ್ಲಲು ಎಷ್ಟೆಷ್ಟು ಹೊತ್ತು ಬೇಕೆಂದು ಎಣಿಸಿ ಬರೆದುಕೊಳ್ಳಿ. ಪುಸ್ತಕಕ್ಕೆ ಗೆರೆ ಎಳೆದುಕೊಡುವ ಕೆಲಸವನ್ನು ಅಜ್ಜಿಗೋ ತಾತನಿಗೋ ವಹಿಸಿ. ಏನು ಕಂಡಿತೆಂದು ನನಗೂ ಒಂದು ಕಾಗದ ಬರೆಯಿರಿ.