ಮದ್ದು ಮುಗಿದ ಮೇಲೆ ಕರುಳಿನ ಗತಿ

ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮಕ್ಕೆ ಸಂಕ್ರಮಣದ ದಿನಗಳಲ್ಲಿ ನಾಡಿನ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಊರು ಬದಲು, ನೀರು ಬದಲು, ಊಟದ ಹೊತ್ತೂ ಬದಲು. ಹೀಗಿರಲಾಗಿ ಬಂದವರಲ್ಲಿ ಕೆಲವರಿಗಾದರೂ ಹೊಟ್ಟೆ ಕೆಡುವುದು ಆಶ್ಚರ್ಯವಲ್ಲ. ಅಂಥವರು ದಾರಿಯಲ್ಲಿ ಸಿಕ್ಕ ಔಷಧದಂಗಡಿಯ ಮುಂದೆ ನಿಂತು “ಹೊಟ್ಟಿ ಕೆಟ್ಟೈತ್ರಿ, ಎರಡು ಗುಳಿಗಿ ಕೊಡ್ರಿ” ಎನ್ನುತ್ತಾರೆ. ಅಂಗಡಿಯವನು ಹೆಚ್ಚು ವಿಚಾರಿಸದೆ ಓಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಎಂಬ ಎರಡು ಮದ್ದುಗಳನ್ನು ಕೂಡಿಸಿದ ಗುಳಿಗೆಗಳನ್ನು ಕತ್ತರಿಸಿ ಕೊಡುತ್ತಾನೆ. ಗಿರಾಕಿ ತುಸು ಉಳ್ಳವನಂತೆ ಕಂಡರೆ “ಇದರ ಜೋಡಿ ಇದನ್ನೂ ತಗೋರಿ, ಹೊಟ್ಟಿಗೆ ಛಲೋ” ಎಂದು ಹೇಳಿ, ಒಳ್ಳೆಯ ಬ್ಯಾಕ್ಟೀರಿಯಗಳನ್ನು ತುಂಬಿದ್ದೆನ್ನುವ ಕ್ಯಾಪ್ಸೂಲುಗಳನ್ನೂ ಮುಂದಿಡುತ್ತಾನೆ. ಕೊಲ್ಲುವುದಕ್ಕೆ ಒಂದು ಬೆಲೆ, ಬದುಕಿಸುವುದಕ್ಕೆ ಇನ್ನೊಂದು ಬೆಲೆ. ಈ ವ್ಯಾಪಾರ ಸಂಗಮದ ಹಾದಿಗೇ ವಿಶಿಷ್ಟವಾದುದೆಂದು ವಾಚಕರು ಭಾವಿಸಬಾರದು; ಇಳಕಲ್ಲಿನಲ್ಲಿಯೂ ಬೆಂಗಳೂರಿನಲ್ಲಿಯೂ ಇದು ನಿತ್ಯ ನಡೆಯುತ್ತಿದೆ. ಈ ಎರಡು ಖರ್ಚುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ಅನವಶ್ಯಕವೆಂದೂ ಎರಡನೆಯದು ತಾನು ಹೇಳಿದ ಕೆಲಸವನ್ನು ಮಾಡುವುದಿಲ್ಲವೆಂದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಹೇಳಬಯಸುತ್ತೇವೆ.

ನಮ್ಮ ದೇಹದಲ್ಲಿ ವಾಸಿಸುವ ಬ್ಯಾಕ್ಟೀರಿಯಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿಯೆಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ತಿಳಿಸುತ್ತದೆ. ಎಲ್ಲವನ್ನೂ ಒಟ್ಟುಗೂಡಿಸಿ ತೂಗಿದರೆ 200 ಗ್ರಾಮಿನಷ್ಟಾಗಬಹುದು. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿಯೇ ಇರತಕ್ಕವು. ನಾವು ಜೀರ್ಣಿಸಿಕೊಳ್ಳಲಾರದ ನಾರನ್ನು ಇವು ಹುದುಗಿಸಿ ಬ್ಯುಟಿರೇಟ್ ಮೊದಲಾದ ಸಣ್ಣ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಈ ಬ್ಯುಟಿರೇಟೇ ಮುಖ್ಯವಾದ ಆಹಾರ. ಅದನ್ನು ಉರಿಸುವಾಗ ಆ ಕೋಶಗಳು ಆಮ್ಲಜನಕವನ್ನು ಬಳಸಿಬಿಡುವುದರಿಂದ ಕರುಳಿನ ಒಳಗೆ ಆಮ್ಲಜನಕ ಸೋರುವುದಿಲ್ಲ. ಆಮ್ಲಜನಕವಿಲ್ಲದ ಆ ಜಾಗದಲ್ಲಿ ನಾರನ್ನು ಹುದುಗಿಸುವ ಜೀವಿಗಳು ನೆಮ್ಮದಿಯಾಗಿ ಬಾಳುತ್ತವೆ. ಬ್ಯಾಕ್ಟೀರಿಯ ಕೋಶಕ್ಕೆ ಅನ್ನವಿಡುತ್ತದೆ, ಕೋಶ ಬ್ಯಾಕ್ಟೀರಿಯಕ್ಕೆ ಮನೆಯನ್ನು ಕಾಯುತ್ತದೆ. ಸಾವಿರಾರು ವರ್ಷಗಳಿಂದ ಬಂದ ಒಕ್ಕಲುತನದ ಕರಾರಿನಂತೆ ಇದೂ ಬರಹವಿಲ್ಲದ ಒಪ್ಪಂದ.

ಪ್ರತಿಜೈವಿಕ ಮದ್ದು ಈ ಒಪ್ಪಂದವನ್ನು ಮುರಿಯುತ್ತದೆ. ರೋಗಕಾರಕ ಯಾವುದು, ನೆರೆಯವನು ಯಾವನು ಎಂದು ಅದು ವಿಚಾರಿಸುವುದಿಲ್ಲ. ನಾರನ್ನು ಹುದುಗಿಸುವ ಜೀವಿಗಳು ಸತ್ತರೆ ಬ್ಯುಟಿರೇಟ್ ಕಡಿಮೆಯಾಗುತ್ತದೆ; ಬ್ಯುಟಿರೇಟ್ ಕಡಿಮೆಯಾದರೆ ಗೋಡೆಯ ಕೋಶಗಳು ಆಮ್ಲಜನಕವನ್ನು ಉರಿಸುವುದೂ ಕಡಿಮೆಯಾಗಿ ಅದು ಒಳಕ್ಕೆ ಸೋರುತ್ತದೆ; ಆಮ್ಲಜನಕವನ್ನು ಸಹಿಸಬಲ್ಲ ಈ. ಕೋಲೈ ಬಳಗದ ಜೀವಿಗಳು ಆಗ ತಲೆಯೆತ್ತುತ್ತವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಸೀಮೆಯ ಹೊಲಗಳನ್ನೂ ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೂ ಮುಳುಗಿಸಿದ್ದನ್ನು ಬಲ್ಲವರು ಒಂದು ಮಾತನ್ನು ಒಪ್ಪುತ್ತಾರೆ: ನೆರೆ ಇಳಿದ ನೆಲದಲ್ಲಿ ಮೊದಲು ಏಳುವುದು ಬಿತ್ತಿದ ಜೋಳವಲ್ಲ, ಯಾರೂ ಕರೆಯದ ಕಸ. ಆ ಕಸವನ್ನು ಹೊಲದ ಕೊನೆಯ ಸ್ಥಿತಿಯೆಂದು ಯಾವ ರೈತನೂ ತಿಳಿಯುವುದಿಲ್ಲ. ಮದ್ದಿನ ನಂತರದ ಹೊಟ್ಟೆಯುಬ್ಬರವನ್ನೂ ಸಡಿಲಾದ ಮಲವನ್ನೂ ನಾವು ಆ ದೃಷ್ಟಿಯಿಂದಲೇ ನೋಡುವುದು ಮೇಲು.

ಹಾಗಾದರೆ ಕರುಳು ತಾನಾಗಿಯೇ ಸುಧಾರಿಸುತ್ತದೆಯೇ? ಡೆನ್ಮಾರ್ಕಿನ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಪಯುಕ್ತವಾಗಿದೆ. ಅವರು 12 ಮಂದಿ ಆರೋಗ್ಯವಂತ ತರುಣರಿಗೆ ಮೆರೊಪೆನೆಮ್, ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಎಂಬ ಮೂರು ಪ್ರಬಲ ಮದ್ದುಗಳನ್ನು 4 ದಿನ ಕೊಟ್ಟು ಆರು ತಿಂಗಳವರೆಗೆ ಮಲವನ್ನು ಪರೀಕ್ಷಿಸುತ್ತ ಹೋದರು. ಮೊದಲು ಕಸದ ಜೀವಿಗಳೇ ಹಬ್ಬಿದವು. ಆಮೇಲೆ ಬ್ಯುಟಿರೇಟನ್ನು ತಯಾರಿಸುವವು ಒಂದೊಂದಾಗಿ ಮರಳಿದವು. ಸುಮಾರು ಒಂದೂವರೆ ತಿಂಗಳಲ್ಲಿ ಕರುಳಿನ ಜೀವಿಸಮೂಹ ಮೊದಲಿನ ಸ್ಥಿತಿಗೆ ಹತ್ತಿರವಾಯಿತು. ಆದರೆ ಎಲ್ಲರಲ್ಲಿಯೂ ಮೊದಲಿದ್ದ ಒಂಬತ್ತು ಜಾತಿಗಳು 180 ದಿನ ಕಳೆದರೂ ಬಹುತೇಕ ಮಂದಿಯಲ್ಲಿ ಮತ್ತೆ ಕಾಣಲಿಲ್ಲ. ಈ ಫಲಿತಾಂಶದಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಕರುಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆಂಬುದು ಸಮಾಧಾನ. ಕಳೆದುಹೋದುದೆಲ್ಲ ಮರಳುವುದಿಲ್ಲವೆಂಬುದು ಎಚ್ಚರಿಕೆ. ಆಸ್ಪತ್ರೆಯಲ್ಲಿ ಕೊನೆಯ ಅಸ್ತ್ರವಾಗಿ ಬಳಸುವ ಈ ಮೂರು ಮದ್ದುಗಳ ಪರಿಣಾಮವನ್ನು ಗಂಟಲುನೋವಿಗೆ ವೈದ್ಯರು ಕೊಡುವ ಅಮಾಕ್ಸಿಸಿಲಿನ್ನಿಗೆ ಹಾಗೆಯೇ ಹೊಂದಿಸಬಾರದೆಂಬುದನ್ನೂ ಹೇಳಿಬಿಡಬೇಕು.

ಇನ್ನು ಕ್ಯಾಪ್ಸೂಲಿನ ವಿಚಾರ. ಇದಕ್ಕೆ ಹಿನ್ನೆಲೆಯಾಗಿ ದೊಡ್ಡದೊಂದು ಹೆಸರಿದೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ರಷ್ಯದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ಬಲ್ಗೇರಿಯದ ರೈತರು ದೀರ್ಘಾಯುಗಳಾಗಿರುವುದಕ್ಕೆ ಅವರು ಸೇವಿಸುವ ಹುಳಿಹಾಲೇ ಕಾರಣವೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾದಿಸಿದನು. ರೋಗನಿರೋಧವನ್ನು ಕುರಿತ ಬೇರೆ ಸಂಶೋಧನೆಗಾಗಿ 1908ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಕೀರ್ತಿಯ ನೆರಳು ಹುಳಿಹಾಲಿನ ಮೇಲೂ ಬಿದ್ದಿತು. ಅಂದಿನಿಂದ ಇಂದಿನವರೆಗೆ ಬಂದ ವಾದ ಸರಳವಾಗಿದೆ: ಒಳ್ಳೆಯ ಜೀವಿಗಳು ಸತ್ತಿವೆ, ಆದುದರಿಂದ ಹೊರಗಿನಿಂದ ತಂದು ಬಿತ್ತಬೇಕು. ಕಿವಿಗೆ ಇಂಪಾದ ಈ ವಾದವನ್ನು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಪರೀಕ್ಷೆಗೆ ಒಡ್ಡಿದರು. 2018ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 21 ಮಂದಿಗೆ ಒಂದು ವಾರ ಸಿಪ್ರೊಫ್ಲಾಕ್ಸಸಿನ್ ಮತ್ತು ಮೆಟ್ರೊನಿಡಜೋಲ್ ಕೊಟ್ಟು, ಬಳಿಕ ಅವರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಏನನ್ನೂ ಕೊಡಲಿಲ್ಲ. ಇನ್ನೊಂದಕ್ಕೆ 11 ಬಗೆಯ ಬ್ಯಾಕ್ಟೀರಿಯಗಳ ಕ್ಯಾಪ್ಸೂಲನ್ನು ನಾಲ್ಕು ವಾರ ಕೊಟ್ಟರು. ಮೂರನೆಯ ಗುಂಪಿನವರಿಗೆ, ಮದ್ದಿಗೆ ಮುಂಚೆ ಅವರಿಂದಲೇ ಸಂಗ್ರಹಿಸಿಟ್ಟಿದ್ದ ಮಲದ ಜೀವಿಗಳನ್ನೇ ಹಿಂದಿರುಗಿಸಿದರು. ಮೂರನೆಯ ಗುಂಪು ಕೆಲವೇ ದಿನಗಳಲ್ಲಿ ಮೊದಲಿನಂತಾಯಿತು. ಏನನ್ನೂ ತೆಗೆದುಕೊಳ್ಳದ ಗುಂಪಿನವರ ಕರುಳು ಸುಮಾರು ಮೂರು ವಾರಗಳಲ್ಲಿ ಬಹುಮಟ್ಟಿಗೆ ಮರಳಿತು. ಕ್ಯಾಪ್ಸೂಲು ನುಂಗಿದವರಲ್ಲಿಯೋ, ಕ್ಯಾಪ್ಸೂಲಿನ ಜೀವಿಗಳು ಖಾಲಿಯಾದ ಜಾಗವನ್ನು ಹಿಡಿದುಕೊಂಡು ಕುಳಿತವು; ಸ್ವಂತ ಜೀವಿಗಳ ಮರಳುವಿಕೆ ಐದು ತಿಂಗಳಾದರೂ ಪೂರ್ತಿಯಾಗಲಿಲ್ಲ. ನೆರೆ ಇಳಿದ ಮೇಲೆ ಊರಿನವರು ಮನೆಗೆ ಬಂದು ನೋಡಿದರೆ ಬಾಗಿಲಿನಲ್ಲಿ ಅಪರಿಚಿತರು ಕುಳಿತಿದ್ದಂತಾಯಿತು.

21 ಮಂದಿಯ ಪ್ರಯೋಗ ಸಣ್ಣದು; ಅದೊಂದರಿಂದಲೇ ಎಲ್ಲವೂ ತೀರ್ಮಾನವಾಯಿತೆಂದು ನಾವು ಸಾಧಿಸುವುದಿಲ್ಲ. ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಪ್ರತಿಜೈವಿಕವನ್ನು ಸೇವಿಸುತ್ತಿರುವಾಗಲೇ ಕೆಲವು ಗೊತ್ತಾದ ತಳಿಗಳನ್ನು ಕೊಟ್ಟರೆ ಮದ್ದಿನಿಂದುಂಟಾಗುವ ಭೇದಿ ಮಕ್ಕಳಲ್ಲಿ ಕಡಿಮೆಯಾಗುತ್ತದೆ. 33 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಕೊಡದ ಮಕ್ಕಳಲ್ಲಿ ನೂರಕ್ಕೆ 19ರಷ್ಟಿದ್ದ ಭೇದಿ ಕೊಟ್ಟವರಲ್ಲಿ 8ಕ್ಕೆ ಇಳಿದಿತ್ತು. ಇದು ಅಲಕ್ಷ್ಯಮಾಡತಕ್ಕ ಪ್ರಯೋಜನವಲ್ಲ. ಮಗುವಿನ ವೈದ್ಯರು ಅದಕ್ಕಾಗಿ ಬರೆದುಕೊಟ್ಟರೆ ಕೊಡುವುದೇ ಸರಿ. ಆದರೆ ಭೇದಿಯನ್ನು ತಡೆಯುವುದು ಒಂದು, ಕರುಳನ್ನು ಮೊದಲಿನ ಸ್ಥಿತಿಗೆ ತರುವುದು ಇನ್ನೊಂದು. ಅಂಗಡಿಯ ಕಪಾಟಿನ ಮುಂದೆ ಈ ಭೇದವನ್ನು ಯಾರೂ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ವಿನೋದವಿದೆ: ಪ್ರತಿಜೈವಿಕವನ್ನೂ ಬ್ಯಾಕ್ಟೀರಿಯವನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಮಾರುತ್ತಾರೆ. ಅದರಲ್ಲಿ ಅನೇಕ ವೇಳೆ ಇರುವ “ಲ್ಯಾಕ್ಟೊಬ್ಯಾಸಿಲಸ್ ಸ್ಪೋರೊಜೀನ್ಸ್” ಎಂಬ ಜೀವಿ ಲ್ಯಾಕ್ಟೊಬ್ಯಾಸಿಲಸ್ ಕುಲಕ್ಕೆ ಸೇರಿದ್ದೇ ಅಲ್ಲ. ಅದನ್ನು ಬ್ಯಾಸಿಲಸ್ ಕೊಯಾಗ್ಯುಲನ್ಸ್ ಎಂದು ಜೀವಿಶಾಸ್ತ್ರಜ್ಞರು ಎಂದೋ ಗುರುತಿಸಿದ್ದರು. ಹೆಸರೇ ತಪ್ಪಾಗಿರುವ ಸರಕಿನ ಗುಣವನ್ನು ಗಿರಾಕಿ ಹೇಗೆ ಅಳೆಯಬೇಕು?

ಇಷ್ಟು ಓದಿದವರು “ಹಾಗಾದರೆ ನಮ್ಮ ಮೊಸರೇ ಸಾಕು, ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರು” ಎಂದು ಹೇಳಲು ಅಣಿಯಾಗಬಹುದು. ಆ ಮಾತನ್ನೂ ನಾವು ಒಪ್ಪಲಾರೆವು. ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿಗಳೊಡನೆ ಸಣ್ಣ ಗಡಿಗೆಯ ಕೆನೆಮೊಸರನ್ನು ಹೊತ್ತು ತಂದು ಮಾರುವ ತಾಯಂದಿರ ಕೈಯಲ್ಲಿ ಉಂಡವರಿಗೆ ಆ ಮೊಸರಿನ ಮೇಲೆ ಅಭಿಮಾನವುಂಟಾಗುವುದು ಸಹಜವೇ. ಆದರೆ ಹೆಪ್ಪಿನ ಜೀವಿಗಳು ಹಾಲಿನಲ್ಲಿ ಬಾಳಲು ಒಗ್ಗಿದವು. ಕರುಳಿನಲ್ಲಿ ಒಕ್ಕಲಾಗಿ ನಿಲ್ಲುವುದು ಅಪರೂಪ. ಅವು ಯಾತ್ರಿಕರಂತೆ ಬಂದು, ಇದ್ದಷ್ಟು ಹೊತ್ತು ಇದ್ದು, ಹೋಗುತ್ತವೆ. ಹಾಗೆಂದು ಅವುಗಳಿಂದ ಪ್ರಯೋಜನವಿಲ್ಲವೆಂದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಪ್ರಕಟಿಸಿದ 36 ಮಂದಿಯ ಪ್ರಯೋಗದಲ್ಲಿ, ಮೊಸರು ಮುಂತಾದ ಹುದುಗಿಸಿದ ಆಹಾರವನ್ನು ಹತ್ತು ವಾರ ಹೆಚ್ಚಾಗಿ ಸೇವಿಸಿದವರ ಕರುಳಿನಲ್ಲಿ ಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ಇಳಿದವು. ಹೊಸದಾಗಿ ಕಂಡ ಜೀವಿಗಳಲ್ಲಿ ಬಹುಪಾಲು ಆ ಆಹಾರದಲ್ಲಿ ಇದ್ದವುಗಳಲ್ಲವೆಂಬುದು ಸ್ವಾರಸ್ಯದ ಸಂಗತಿ. ಮೊಸರು ಬೀಜವಾಗಿ ಅಲ್ಲ, ಹದವಾಗಿ ಕೆಲಸ ಮಾಡಿರಬೇಕು. ಆ ಪ್ರಯೋಗದವರು ಆರೋಗ್ಯವಂತರಾಗಿದ್ದರು, ಪ್ರತಿಜೈವಿಕವನ್ನು ಮುಗಿಸಿ ಬಂದವರಲ್ಲ ಎಂಬುದನ್ನೂ ಮರೆಯಬಾರದು.

ಮೊಸರಿನ ಕೀರ್ತಿಯಲ್ಲಿ ಮರೆಯಾಗಿರುವುದು ರೊಟ್ಟಿ ಮತ್ತು ಕಾಳು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು 2021ರಲ್ಲಿಯೇ ಪ್ರಕಟಿಸಿದ ಇನ್ನೊಂದು ಪ್ರಯೋಗ ನಮ್ಮ ಪ್ರಶ್ನೆಗೆ ಹೆಚ್ಚು ಸಮೀಪವಾದುದು. 30 ಮಂದಿಯಲ್ಲಿ ಕೆಲವರಿಗೆ ಸಸ್ಯಾಹಾರ, ಕೆಲವರಿಗೆ ಮಿಶ್ರಾಹಾರ, ಉಳಿದವರಿಗೆ ನಾರೇ ಇಲ್ಲದ ದ್ರವಾಹಾರವನ್ನು ಕೊಟ್ಟು, ಎಲ್ಲರ ಕರುಳನ್ನೂ ಪ್ರತಿಜೈವಿಕಗಳಿಂದಲೂ ಭೇದಿಯ ಮದ್ದಿನಿಂದಲೂ ಬರಿದುಮಾಡಿ, ಚೇತರಿಕೆಯನ್ನು ಗಮನಿಸಿದರು. ನಾರಿಲ್ಲದ ಆಹಾರದವರೇ ಹಿಂದೆ ಬಿದ್ದರು. ಇದರಲ್ಲಿ ನಿಗೂಢವೇನೂ ಇಲ್ಲ. ಮದ್ದಿನ ಹೊಡೆತದಿಂದ ಅಲ್ಲಲ್ಲಿ ಉಳಿದುಕೊಂಡ ಜೀವಿಗಳು ಮತ್ತೆ ಹಬ್ಬಬೇಕಾದರೆ ಅವಕ್ಕೆ ತಿನ್ನಲು ಬೇಕು. ಅವು ತಿನ್ನುವುದು ನಾರು. ಕಾಯಿಲೆಯಿಂದ ಎದ್ದವರಿಗೆ ತಿಂಗಳುಗಟ್ಟಲೆ ಬ್ರೆಡ್ಡು, ಬಿಸ್ಕತ್ತು, ಬಿಳಿಯ ಅನ್ನಗಳನ್ನೇ ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿ ಬೇರೂರಿದೆ. ಮೊದಲ ಎರಡು ಮೂರು ದಿನಗಳ ಮಟ್ಟಿಗೆ ಅದು ಸರಿ. ಆಮೇಲೂ ಮುಂದುವರಿಸಿದರೆ ಒಳಗಿನ ಒಕ್ಕಲನ್ನು ಉಪವಾಸ ಕೆಡವಿದಂತೆ. ಹಿಂಗಾರಿ ಜೋಳದ ರೊಟ್ಟಿ, ಹೆಸರು, ಮಡಿಕೆ, ಹುರುಳಿಕಾಳು, ಮೆಂತ್ಯ, ರಾಜಗಿರಿ ಸೊಪ್ಪುಗಳನ್ನು ಮೊದಲು ಸ್ವಲ್ಪವಾಗಿ, ದಿನ ಕಳೆದಂತೆ ಹೆಚ್ಚಾಗಿ ಉಣ್ಣಿಸುವುದು ಲೇಸು. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಆಗ ಕಾಳನ್ನು ದೂರುವ ಮೊದಲು ಅಳತೆಯನ್ನು ದೂರಬೇಕು.

ಸದುದ್ದೇಶದಿಂದಲೇ ಆಗುವ ಒಂದು ತಪ್ಪನ್ನು ಇಲ್ಲಿಯೇ ಹೇಳಬೇಕು. “ಗುಳಿಗಿ ಉಷ್ಣ” ಎಂದು ಮನೆಯ ಹಿರಿಯರು ಮಜ್ಜಿಗೆಯೊಡನೆಯೇ ಮದ್ದನ್ನು ನುಂಗಿಸುವುದುಂಟು. ಸಿಪ್ರೊಫ್ಲಾಕ್ಸಸಿನ್ನೂ ಟೆಟ್ರಸೈಕ್ಲಿನ್ ವರ್ಗದ ಮದ್ದುಗಳೂ ಹಾಲು ಮೊಸರುಗಳ ಕ್ಯಾಲ್ಸಿಯಮ್ಮಿಗೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಅಂಥ ಮದ್ದಿಗೂ ಮಜ್ಜಿಗೆಗೂ ನಡುವೆ ಕೆಲವು ಗಂಟೆಗಳ ಅಂತರವಿರಬೇಕು. ಎಷ್ಟೆಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳುವುದು ಉತ್ತಮ.

ಆದರೆ ನಮ್ಮ ಮುಖ್ಯವಾದ ತಕರಾರು ಆರಂಭದಲ್ಲಿ ಹೇಳಿದ ಅಂಗಡಿಯ ಕಟ್ಟೆಯ ಮೇಲಿನದು. ಯಾತ್ರೆಯಲ್ಲಿ ತಗಲುವ ಸಾಮಾನ್ಯ ಭೇದಿಯಲ್ಲಿ ಹೆಚ್ಚಿನದು ಎರಡು ಮೂರು ದಿನಗಳಲ್ಲಿ ತಾನೇ ನಿಲ್ಲುವಂಥದು. ಅನೇಕ ವೇಳೆ ಅದಕ್ಕೆ ಕಾರಣ ವೈರಸ್, ಅದರ ಮೇಲೆ ಪ್ರತಿಜೈವಿಕ ಏನನ್ನೂ ಮಾಡಲಾರದು. ಅಲ್ಲಿ ಜೀವವನ್ನು ಉಳಿಸುವುದು ಉಪ್ಪು ಸಕ್ಕರೆಗಳ ದ್ರಾವಣ. 1971ರಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ನರದ ಮೂಲಕ ಕೊಡುವ ದ್ರವ ಮುಗಿಯುತ್ತ ಬಂದುದರಿಂದ ಡಾ. ದಿಲೀಪ್ ಮಹಲನಬಿಸರು ಈ ದ್ರಾವಣವನ್ನು ಬಾಯಿಯ ಮೂಲಕವೇ ಕುಡಿಸಿ ಸಾವುಗಳನ್ನು ಗಣನೀಯವಾಗಿ ತಗ್ಗಿಸಿದರು. ಕಾಲರಾದಂಥ ಮಹಾಮಾರಿಗೇ ಒದಗಿದ ಉಪಾಯವನ್ನು ಬಿಟ್ಟು, ಸಾಮಾನ್ಯ ಭೇದಿಗೆ ಎರಡು ಪ್ರತಿಜೈವಿಕಗಳ ಜೋಡಿಯನ್ನು ನುಂಗಿಸುವುದು ಯಾವ ಶಾಸ್ತ್ರ? ಇಂಥ ಮದ್ದುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕಾನೂನಿದೆ. 2014ರ ಮಾರ್ಚಿನಿಂದ ಎಚ್-1 ಎಂಬ ಅನುಸೂಚಿ ಜಾರಿಗೆ ಬಂದು, ಅದರಲ್ಲಿ ಸೇರಿದ ಪ್ರತಿಜೈವಿಕಗಳ ಮಾರಾಟವನ್ನು ಪ್ರತ್ಯೇಕ ದಫ್ತರದಲ್ಲಿ ಬರೆದು ಮೂರು ವರ್ಷ ಇಡಬೇಕೆಂದೂ ವಿಧಿಸಲಾಗಿದೆ. ಕಾನೂನು ದಫ್ತರದಲ್ಲಿದೆ, ಗುಳಿಗೆ ಗಿರಾಕಿಯ ಕೈಯಲ್ಲಿದೆ. ಜಾತ್ರೆ ಉತ್ಸವಗಳ ದಿನಗಳಲ್ಲಿ ಯಾತ್ರಾಸ್ಥಳಗಳ ಔಷಧದಂಗಡಿಗಳ ಮುಂದೆ ದ್ರಾವಣದ ಪೊಟ್ಟಣಗಳನ್ನು ಎದ್ದು ಕಾಣುವಂತೆ ಇಡಿಸಿ, ಚೀಟಿಯಿಲ್ಲದೆ ಪ್ರತಿಜೈವಿಕವಿಲ್ಲವೆಂಬ ಫಲಕವನ್ನು ಕನ್ನಡದಲ್ಲಿ ತೂಗುಹಾಕಿಸುವುದು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಕಷ್ಟದ ಕೆಲಸವೇನಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ನಾವು ಪ್ರತಿಜೈವಿಕದ ವಿರೋಧಿಗಳೆಂದು ಯಾರೂ ತಿಳಿಯಬಾರದು. ವಿಷಮಶೀತಜ್ವರದಲ್ಲಿ, ನ್ಯುಮೋನಿಯದಲ್ಲಿ, ಬಾಣಂತಿಯರ ನಂಜಿನಲ್ಲಿ ಅದು ಪ್ರಾಣವನ್ನು ಉಳಿಸುವ ಮದ್ದು. ವೈದ್ಯರು ಹೇಳಿದಷ್ಟು ದಿನ ಅದನ್ನು ಸೇವಿಸಲೇಬೇಕು, ಕರುಳಿನ ಚಿಂತೆಯಿಂದ ನಡುವೆ ಬಿಡಬಾರದು. ಮಲದಲ್ಲಿ ರಕ್ತ ಕಂಡರೆ, ಭೇದಿಯೊಡನೆ ಜೋರಾದ ಜ್ವರ ಬಂದರೆ, ಮಗು ಮೂತ್ರ ಮಾಡುವುದನ್ನು ನಿಲ್ಲಿಸಿದರೆ ಮನೆಮದ್ದೂ ಬೇಡ, ಅಂಗಡಿಯ ಮದ್ದೂ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು. ಪ್ರತಿಜೈವಿಕ ಮುಗಿದ ಕೆಲವು ವಾರಗಳೊಳಗೆ ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಿನಂಥ ಭೇದಿಯಾಗಿ ಹೊಟ್ಟೆಯಲ್ಲಿ ನೋವು ಕಾಣಿಸಿದರೂ ಹಾಗೆಯೇ. ಬರಿದಾದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಜೀವಿ ಹಬ್ಬಿ ವಿಷವನ್ನು ಸುರಿಸುವ ರೋಗ ಅದಾಗಿರಬಹುದು. ಅಂಥ ಸಂದರ್ಭದಲ್ಲಿ ಹಿಂದೆ ಸೇವಿಸಿದ ಮದ್ದಿನ ಹೆಸರನ್ನೂ ಎಷ್ಟು ದಿನ ಸೇವಿಸಿದ್ದೆಂಬುದನ್ನೂ ವೈದ್ಯರಿಗೆ ಹೇಳಬೇಕು. ಖಾಲಿಯಾದ ಗುಳಿಗೆಯ ಹಾಳೆಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅದನ್ನೇ ತೋರಿಸಿದರಾಯಿತು.